ಜಾಬ್ ಕಾರ್ಡಿನ ಹಿಂಬದಿ

ನಿಂತದ್ದು ಎಂಜಿನ್. ತಪ್ಪಿಹೋದದ್ದು ಮಗಳ ಪ್ರಾಕ್ಟಿಕಲ್ ಪರೀಕ್ಷೆ, ಅಮ್ಮನ ಡಯಾಲಿಸಿಸ್, ವಾಶಿ ಮಾರ್ಕೆಟ್ಟಿನ ಬೆಳಗಿನ ಜಾವದ ತರಕಾರಿ. ವರ್ಕ್‌ಶಾಪಿನ ಜಾಬ್ ಕಾರ್ಡಿನಲ್ಲಿ ಎಂಜಿನ್ನಿಗೆ ಮಾತ್ರ ಜಾಗವಿದೆ. ಕೌಂಟರಿಗೆ ಬಂದವರ ಸಿಟ್ಟು ಉಳಿದದ್ದರದ್ದು.

*

ಗ್ರಾಹಕ ಹಣ ಕೊಡುವುದು ತಾನು ನೋಡದ ಕೆಲಸಕ್ಕೆ. ಆಯಿಲ್ ಬದಲಾಯಿತೋ, ಫಿಲ್ಟರ್ ಹೊಸದೋ, ಚಕ್ರದ ನಟ್ಟುಗಳನ್ನು ಟಾರ್ಕ್ ರೆಂಚಿನಲ್ಲಿ ಬಿಗಿದರೋ ಕೈ ಅಂದಾಜಿನಲ್ಲಿ ತಿರುಗಿಸಿ ಬಿಟ್ಟರೋ, ಅವನಿಗೆ ತಿಳಿಯುವ ದಾರಿಯಿಲ್ಲ. ಕಣ್ಣಿಗೆ ಬೀಳುವುದು ಗಾಡಿ ತೊಳೆದಿದೆಯೋ ಇಲ್ಲವೋ ಅನ್ನುವುದಷ್ಟೇ. ಹಾಗಾಗಿ ಈ ಉದ್ಯೋಗದಲ್ಲಿ ಒಳ್ಳೆಯ ಕೆಲಸಕ್ಕೂ ಮೋಸಕ್ಕೂ ಒಂದೇ ಮುಖ, ಫಳಫಳ ಹೊಳೆಯುವ ಬಾನೆಟ್ಟು. ಎರಡನ್ನೂ ಬಿಡಿಸಿ ತೋರಿಸುವ ಹೊಣೆ ನಮ್ಮದೇ. ಮೋಸ ಮಾಡುವವನಂತೂ ತೋರಿಸಲು ಬರುವುದಿಲ್ಲ.

*

ಬಿಚ್ಚಿದ ಹಳೇ ಸಾಮಾನನ್ನು ಪೇಪರಿನಲ್ಲಿ ಸುತ್ತಿ ಡಿಕ್ಕಿಯಲ್ಲಿಟ್ಟು ಕಳಿಸಿ. (ವಾರಂಟಿಯಲ್ಲಿ ಬದಲಾದದ್ದು ಕಂಪನಿಗೆ ವಾಪಸು ಹೋಗಬೇಕು, ಅದು ಬೇರೆ.) ಹೆಚ್ಚಿನವರು ಮನೆಗೆ ಹೋಗಿ ಎಸೆಯುತ್ತಾರೆ. ಎಸೆಯುವ ಮುಂಚೆ ಒಮ್ಮೆ ಬಿಚ್ಚಿ ನೋಡುತ್ತಾರಲ್ಲ, ಅಷ್ಟು ಸಾಕು.

*

ಹೊಸ ಹುಡುಗ ಸರ್ವೀಸ್ ಅಡ್ವೈಸರ್ ಆಗಿ ಸೇರಿದರೆ ಮೊದಲ ಪಾಠ: ಗ್ರಾಹಕ ಹೇಳಿದ್ದನ್ನು ಅವನ ಬಾಯಿಯ ಮಾತಿನಲ್ಲೇ ಬರೆ. 'ಬ್ರೇಕ್ ಒತ್ತಿದರೆ ಕೀಂಯ್ ಅನ್ನುತ್ತೆ, ಬೆಳಿಗ್ಗೆ ಮಾತ್ರ' ಅಂದದ್ದನ್ನು 'ಬ್ರೇಕ್ ನಾಯ್ಸ್' ಅಂತ ಗೀಚಿದರೆ 'ಬೆಳಿಗ್ಗೆ ಮಾತ್ರ' ಬಿದ್ದುಹೋಯಿತು. ರೋಗದ ಗುರುತು ಇದ್ದದ್ದೇ ಅದರಲ್ಲಿ. ರಾತ್ರಿಯ ತೇವಕ್ಕೆ ಬ್ರೇಕ್ ಡಿಸ್ಕಿನ ಮೇಲೆ ತೆಳ್ಳಗೆ ತುಕ್ಕು ಕೂರುತ್ತದೆ, ನಾಲ್ಕು ಸಲ ಬ್ರೇಕ್ ಒತ್ತುವಷ್ಟರಲ್ಲಿ ಉಜ್ಜಿಹೋಗುತ್ತದೆ. ಸಮುದ್ರದ ಖಾಡಿಯ ಬದಿಯ ವಸತಿ ಸೊಸೈಟಿಗಳಲ್ಲಿ ಮಳೆಗಾಲವಿಡೀ ಇದೇ ಕಥೆ. ಎರಡೇ ಪದದ ಜಾಬ್ ಕಾರ್ಡ್ ಕೈಗೆ ಸಿಕ್ಕಿದ ಮೆಕ್ಯಾನಿಕ್ ಸರಿಯಾಗಿದ್ದ ಪ್ಯಾಡನ್ನು ಬಿಚ್ಚಿ ಕೂರುತ್ತಾನೆ, ನಾವು ಅದಕ್ಕೆ ಲೇಬರ್ ಹಾಕುತ್ತೇವೆ, ಮಾರನೆಯ ಬೆಳಿಗ್ಗೆ ಕೀಂಯ್ ಅನ್ನುವುದು ಹಾಗೇ ಇರುತ್ತದೆ.

*

ಗಾಡಿಯ ಸದ್ದಿಗೆ ನಾಚಿಕೆ ಬಹಳ. ವರ್ಕ್‌ಶಾಪಿನ ಗೇಟು ದಾಟಿದ ಕೂಡಲೇ ಬಾಯಿ ಮುಚ್ಚುತ್ತದೆ. ಅದಕ್ಕೆ ಮದ್ದು ಒಂದೇ, ಗ್ರಾಹಕನ ಕೈಗೇ ಸ್ಟೇರಿಂಗ್ ಕೊಟ್ಟು ಪಕ್ಕದಲ್ಲಿ ಕೂರುವುದು. ಥಾಣೆಯ ವಾಗ್ಳೆ ಎಸ್ಟೇಟಿನ ಒಳರಸ್ತೆಗಳು ಇದಕ್ಕೆ ಹೇಳಿ ಮಾಡಿಸಿದಂತಿವೆ. ಎಸಿ ಬಂದ್, ರೇಡಿಯೋ ಬಂದ್, ಎಡಗಡೆಯ ಗಾಜು ಕೆಳಗೆ. ಎರಡು ಸ್ಪೀಡ್ ಬ್ರೇಕರ್ ದಾಟಿದರೂ ಸದ್ದಿಲ್ಲ, ಅವನ ಮುಖ ಸಣ್ಣದಾಗುತ್ತದೆ. ಮೂರನೆಯದರಲ್ಲಿ ಒಂದೇ ಚಕ್ರ ಹೊಂಡಕ್ಕೆ ಇಳಿಯಿತು, 'ಕಟ್'. 'ಕೇಳಿಸ್ತಾ ಸರ್, ಕೇಳಿಸ್ತಾ?' ಅಂತ ಲಾಟರಿ ಹೊಡೆದವನ ಖುಷಿಯಲ್ಲಿ ಕೂಗುತ್ತಾನೆ. ಎರಡು ಚಕ್ರ ಒಟ್ಟಿಗೆ ಇಳಿದರೆ ಇಲ್ಲ, ಒಂದು ಮಾತ್ರ ಇಳಿದರೆ ಉಂಟು ಅಂದಮೇಲೆ ಸ್ಟೆಬಿಲೈಜರ್ ಬಾರಿನ ಲಿಂಕ್ ಸವೆದಿದೆ ಅಂತ ಅರ್ಥ. ಸಾಮಾನು ಸಣ್ಣದು, ಕೆಲಸವೂ ಸಣ್ಣದು. ಅವನಿಗೆ ಸಮಾಧಾನವಾದದ್ದು ರಿಪೇರಿಯಿಂದ ಅಂತ ನನಗೆ ಅನ್ನಿಸುವುದಿಲ್ಲ. ಮೂರು ವಾರದಿಂದ ಮನೆಯವರೂ ನಂಬದ ಸದ್ದನ್ನು ಇನ್ನೊಬ್ಬರ ಕಿವಿ ಕೇಳಿತು, ಅದರಿಂದ.

ಕೆಲವು ಸಲ ಸದ್ದು ಸೀಟಿನಡಿ ಉರುಳುವ ನೀರಿನ ಬಾಟಲಿಯದ್ದಾಗಿರುತ್ತದೆ. ಆಗ ನಗಬಾರದು.

*

ನಂಬರ್ ಪ್ಲೇಟ್ ಓದಿದರೆ ಅರ್ಧ ರೋಗ ತಿಳಿಯುತ್ತದೆ. ಎಂಎಚ್ 04 ಅಂದರೆ ಥಾಣೆ: ಘೋಡ್‌ಬಂದರ್ ರಸ್ತೆಯಲ್ಲಿ ಹಾಫ್ ಕ್ಲಚ್ಚಿನಲ್ಲೇ ಆಯುಷ್ಯ ಕಳೆಯುವ ಎಡಗಾಲು. ಎಂಎಚ್ 05 ಕಲ್ಯಾಣ್, ಡೊಂಬಿವಲಿ: ಹೊಂಡ ತಪ್ಪಿಸಲು ಹೋಗಿ ಇನ್ನೊಂದು ಹೊಂಡಕ್ಕೆ ಬಿದ್ದ ರಿಮ್ಮು, ಲೋವರ್ ಆರ್ಮಿನ ಬುಶ್ಶು. ಎಂಎಚ್ 43 ನವಿ ಮುಂಬಯಿ: ಪಾಮ್ ಬೀಚ್ ರಸ್ತೆ ಅಗಲವಾಗಿದೆ, ಸೆಕ್ಟರುಗಳು ನೇರವಾಗಿವೆ, ಸಸ್ಪೆನ್ಷನ್ ಸುಖವಾಗಿದೆ, ಆದ್ದರಿಂದ ಅಲ್ಲಿಯವರಿಗೆ ಎಸಿ ತಂಪು ಸಾಲದು. ಎಂಎಚ್ 46 ಪನ್ವೇಲ್, ಎಕ್ಸ್‌ಪ್ರೆಸ್‌ವೇಯ ಬಿಸಿ ಕಾಂಕ್ರೀಟಿನಲ್ಲಿ ಓಡಿದ ಟಯರು. ಇದನ್ನು ಶಾಸ್ತ್ರ ಅಂತ ತೆಗೆದುಕೊಳ್ಳಬೇಡಿ. ಆದರೆ ಕಲ್ಯಾಣಿನ ಹಳೇ ಪತ್ರೀಪೂಲ್ ಸೇತುವೆಯನ್ನು 2018ರಲ್ಲಿ ಕೆಡವಿ 2021ರಲ್ಲಿ ಹೊಸದು ತೆರೆಯುವ ತನಕ ಆ ಬದಿಯಿಂದ ಬಂದ ಗಾಡಿಗಳ ಕ್ಲಚ್ಚಿನ ವಾಸನೆ ಮೂಗಿಗೆ ಬಡಿದವರು ಯಾರೂ ಇದನ್ನು ಸುಳ್ಳು ಅನ್ನಲಾರರು.

*

ಕ್ಲಚ್ ಪ್ಲೇಟ್ ಸಾಮಾನ್ಯವಾಗಿ ವಾರಂಟಿಯಲ್ಲಿ ಬರುವುದಿಲ್ಲ, ಸವೆಯಲೆಂದೇ ಮಾಡಿದ ವಸ್ತು ಅದು. ಈ ವಾಕ್ಯವನ್ನು ಗಾಡಿ ಕೊಡುವ ದಿನ ಹಾರ ಹಾಕುವಾಗ ಷೋರೂಮಿನವರು ಹೇಳಬೇಕಿತ್ತು. ಅಂದು ಹೇಳಿದರೆ ಮಾಹಿತಿ, ಎರಡು ವರ್ಷ ಬಿಟ್ಟು ನಾನು ಹೇಳಿದರೆ ನೆಪ.

*

ಐದಕ್ಕೆ ಗಾಡಿ ಕೊಡುತ್ತೇನೆಂದವನು ಐದಕ್ಕೆ ಫೋನ್ ಮಾಡಿ ಏಳಕ್ಕೆ ಅಂದರೆ ಸುಳ್ಳುಗಾರ. ಮೂರಕ್ಕೇ ಫೋನ್ ಮಾಡಿ ಏಳಕ್ಕೆ ಅಂದರೆ ಜವಾಬ್ದಾರಿಯವನು. ತಡ ಎರಡರಲ್ಲೂ ಎರಡೇ ಗಂಟೆ.

*

ಬೆಳಿಗ್ಗೆ ಒಂಬತ್ತಕ್ಕೆ ಎಲ್ಲರೂ ಬಿಡುತ್ತಾರೆ, ಸಂಜೆ ಐದಕ್ಕೆ ಎಲ್ಲರಿಗೂ ಬೇಕು. ನಡುವೆ ಮೆಕ್ಯಾನಿಕ್ಕುಗಳು ತಮ್ಮ ಪಾಳಿಯ ಗಾಡಿಗಳನ್ನು ಬೇಗ ಬೇಗ ಮುಗಿಸಿದರೂ ನಾಲ್ಕರ ಹೊತ್ತಿಗೆ ಎಲ್ಲ ಗಾಡಿಗಳೂ ವಾಶಿಂಗಿಗೆ ಸಾಲು ನಿಂತಿರುತ್ತವೆ. ಗೇರ್‌ಬಾಕ್ಸ್ ಇಳಿಸಿ ಏರಿಸಿದ ಗಾಡಿ ಮೂರು ಗಂಟೆಯಲ್ಲಿ ಮುಗಿದು, ನೀರು ಬೀಳಲು ಎರಡು ಗಂಟೆ ಕಾಯುತ್ತದೆ. ಕೈಗಾರಿಕಾ ನಿಗಮ (ಎಂಐಡಿಸಿ) ನೀರು ಬಂದ್ ಮಾಡಿದ ದಿನ ಕೇಳುವುದೇ ಬೇಡ. ಹೊಸಬ ಮ್ಯಾನೇಜರ್ ಬೇಗ ಆಗಲಿ ಅಂತ ಇನ್ನೊಂದು ಲಿಫ್ಟು ಕೇಳುತ್ತಾನೆ. ಹಳಬ ವಾಶಿಂಗಿಗೆ ಇನ್ನಿಬ್ಬರು ಹುಡುಗರನ್ನು ಕೇಳುತ್ತಾನೆ. ಹೆಡ್ ಆಫೀಸಿಗೆ ಲಿಫ್ಟು ಆಸ್ತಿ, ಹುಡುಗರು ಖರ್ಚು. ಹಾಗಾಗಿ ಸಿಗುವುದು ಲಿಫ್ಟು.

*

ದೇಶದ ಮೊದಲ ಪ್ರಯಾಣಿಕರ ರೈಲು 1853ರ ಏಪ್ರಿಲ್ 16ರಂದು ಬೋರಿ ಬಂದರಿನಿಂದ 34 ಕಿಲೋಮೀಟರ್ ಓಡಿ ನಿಂತದ್ದು ಥಾಣೆಯಲ್ಲಿ. ಇಂದಿಗೂ ಇಲ್ಲಿಯ ಮೋಟಾರು ವರ್ಕ್‌ಶಾಪು ನಡೆಯುವುದು ಆ ಹಳಿಯ ಮೇಲೇ. ಕಾರು ರಿಪೇರಿ ಮಾಡುವ ಹುಡುಗರು ಟಿಟ್‌ವಾಳಾ, ಆಸನ್‌ಗಾಂವ್, ಬದ್ಲಾಪುರಗಳಿಂದ ಲೋಕಲ್ಲಿನ ಬಾಗಿಲಿಗೆ ನೇತು ಬರುತ್ತಾರೆ. ಭಾನುವಾರ ಸೆಂಟ್ರಲ್ ರೈಲ್ವೆ ಹಳಿ ರಿಪೇರಿಗೆ ಮೆಗಾಬ್ಲಾಕ್ ಇಟ್ಟರೆ ಹುಡುಗರು ತಡ, ಗ್ರಾಹಕ ಮಾತ್ರ ತನ್ನ ಗಾಡಿಯಲ್ಲಿ ಸಮಯಕ್ಕೆ ಸರಿಯಾಗಿ ಬಂದು ನಿಂತಿರುತ್ತಾನೆ.

*

ಬಿಲ್ಲಿನಲ್ಲಿ ಗಂಟೆಗೆ ಬರೆದ ಲೇಬರ್ ದರ ಹುಡುಗನ ಒಂದು ದಿನದ ಸಂಬಳಕ್ಕೆ ಸಮವಿದ್ದರೂ ಆಶ್ಚರ್ಯವಿಲ್ಲ. ನಡುವಿನ ಅಂತರದಲ್ಲಿ ಜಾಗದ ಬಾಡಿಗೆ, ಲಿಫ್ಟು, ಸ್ಕ್ಯಾನರು, ಗ್ರಾಹಕರ ಲೌಂಜಿನ ಎಸಿ, ಕಾಫಿ ಮಷಿನ್ ಇವೆ. ನಾನೂ ಇದ್ದೇನೆ.

*

ಹಳೇ ಉಸ್ತಾದನೊಬ್ಬ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿನ ಮೈಗೆ ಒತ್ತಿ ಹಿಡಿಕೆಯನ್ನು ಕಿವಿಗೆ ಇಟ್ಟುಕೊಳ್ಳುತ್ತಿದ್ದ. ಕಣ್ಣು ಮುಚ್ಚಿ, ತುಟಿ ಒಂದಿಷ್ಟು ತೆರೆದು, ತುದಿಯನ್ನು ಒಂದೊಂದೇ ಕಡೆ ಸರಿಸುತ್ತ ಹೋಗಿ, 'ಇಲ್ಲಿ' ಅನ್ನುತ್ತಿದ್ದ. ಬೇರಿಂಗು ಅಲ್ಲೇ ಸವೆದಿರುತ್ತಿತ್ತು. ಇಂದು ಸ್ಟೇರಿಂಗಿನ ಕೆಳಗಿನ ಸಾಕೆಟ್ಟಿಗೆ ಸ್ಕ್ಯಾನರ್ ಸಿಕ್ಕಿಸಿದರೆ 'ಪಿ 0300' ಅಂತ ಬರುತ್ತದೆ, ಮಿಸ್‌ಫೈರ್ ಆಗುತ್ತಿದೆ ಅಂತ ಅದರ ಅರ್ಥ. ಯಾಕೆ ಅಂತ ಅದು ಹೇಳುವುದಿಲ್ಲ. ಪ್ಲಗ್ಗು ಇರಬಹುದು, ಕಾಯಿಲ್ ಇರಬಹುದು, ಇಂಜೆಕ್ಟರ್ ಇರಬಹುದು, ಗಾಳಿ ಎಳೆಯುವ ಹೋಸ್ ಬಿರಿದಿರಬಹುದು, ಪೆಟ್ರೋಲಿಗೆ ನೀರು ಸೇರಿರಬಹುದು. ಕೋಡು ನೋಡಿ ಸಾಮಾನು ಬದಲಾಯಿಸುವವನು ಗ್ರಾಹಕನ ದುಡ್ಡಿನಲ್ಲಿ ಊಹೆ ಮಾಡುತ್ತಿದ್ದಾನೆ. ಉಸ್ತಾದ ತನ್ನ ಸಮಯದಲ್ಲಿ ಮಾಡುತ್ತಿದ್ದ.

*

ಜುಲೈ 26, 2005. ಸಾಂತಾಕ್ರೂಜಿನಲ್ಲಿ ಒಂದು ದಿನಕ್ಕೆ 944 ಮಿಲಿಮೀಟರ್ ಮಳೆ. ಉಲ್ಹಾಸ್ ನದಿ ಬದ್ಲಾಪುರದಿಂದ ಕಲ್ಯಾಣಿನವರೆಗೆ ದಂಡೆ ಮೀರಿತು. 2019ರ ಜುಲೈಯಲ್ಲಿ ಅದೇ ನದಿ ವಾಂಗಣಿಯ ಹತ್ತಿರ ಮಹಾಲಕ್ಷ್ಮಿ ಎಕ್ಸ್‌ಪ್ರೆಸ್ಸನ್ನೇ ಪ್ರಯಾಣಿಕರ ಸಮೇತ ಸುತ್ತುವರಿಯಿತು. ಇಂಥ ಮಳೆ ನಿಂತ ಮಾರನೆಯ ದಿನ ವರ್ಕ್‌ಶಾಪಿನ ಎದುರು ಟೋವಿಂಗ್ ಗಾಡಿಗಳ ಸಾಲು ನಿಲ್ಲುತ್ತದೆ. ಆಗ ನಾವು ಎಲ್ಲರಿಗೂ ಕೇಳುವುದು ಒಂದೇ ಪ್ರಶ್ನೆ: 'ನೀರಲ್ಲಿ ನಿಂತ ಮೇಲೆ ಸ್ಟಾರ್ಟ್ ಮಾಡಲು ನೋಡಿದಿರಾ?'

ಮುಳುಗಿದ ಗಾಡಿಯನ್ನು ನೀರು ಕೊಲ್ಲುವುದು ಕಡಿಮೆ, ಮತ್ತೆ ತಿರುಗಿಸಿದ ಕೀಲಿ ಕೊಲ್ಲುವುದೇ ಹೆಚ್ಚು. ಗಾಳಿಯನ್ನು ಒತ್ತಬಹುದು, ನೀರನ್ನು ಒತ್ತಲಾಗದು. ಸಿಲಿಂಡರಿಗೆ ನೀರು ಹೊಕ್ಕಿದ್ದಾಗ ಪಿಸ್ಟನ್ ಮೇಲೇರಿದರೆ ಬಾಗುವುದು ಕನೆಕ್ಟಿಂಗ್ ರಾಡ್. ಸರಿಯಾದ ಕ್ರಮ ಬಹಳ ನಿಧಾನದ್ದು. ಮೊದಲು ಬ್ಯಾಟರಿ ಬಿಚ್ಚು. ಡಿಪ್‌ಸ್ಟಿಕ್ ಎಳೆದು ನೋಡು, ಆಯಿಲು ಹಾಲು ಹೆಚ್ಚಾದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ನೀರು ಕೆಳಗಿನ ತನಕ ಇಳಿದಿದೆ. ಏರ್ ಫಿಲ್ಟರಿನ ಪೆಟ್ಟಿಗೆ ತೆರೆ. ಪ್ಲಗ್ಗುಗಳನ್ನೆಲ್ಲ ಬಿಚ್ಚಿ, ಎಂಜಿನ್ನನ್ನು ರ‍್ಯಾಚೆಟ್ ಹಾಕಿ ಕೈಯಲ್ಲೇ ತಿರುಗಿಸು. ಪ್ಲಗ್ಗಿನ ತೂತಿನಿಂದ ಕಂದು ನೀರು ಚಿಮ್ಮಿ ಬಾನೆಟ್ಟಿನ ಒಳಗೆಲ್ಲ ಹಾರುತ್ತದೆ. ಇಷ್ಟು ಮಾಡಿದವನ ಎಂಜಿನ್ ಬಹಳ ಸಲ ಉಳಿಯುತ್ತದೆ. ಆದರೆ ಮೊಣಕಾಲು ನೀರಲ್ಲಿ, ಹಿಂದಿನವರು ಹಾರ್ನ್ ಹೊಡೆಯುತ್ತಿರುವಾಗ, ಮಗು ಅಳುತ್ತಿರುವಾಗ, ಕೀಲಿ ತಿರುಗಿಸದೆ ಇರುವವರು ಯಾರು? ಆ ಪ್ರಶ್ನೆಗೆ 'ಇಲ್ಲ ಸರ್' ಅಂತ ಸುಳ್ಳು ಹೇಳುವವರ ಮೇಲೆ ನನಗೆ ಸಿಟ್ಟು ಬರುವುದಿಲ್ಲ. ಬಾಗಿದ ರಾಡು ನಿಜ ಹೇಳಿಬಿಡುತ್ತದೆ.

*

ವಿಮೆಯ ಸರ್ವೇಯರ್ ಬಂದಾಗ ಗ್ರಾಹಕನಿಗೆ ಮೊದಲ ಸಲ ತನ್ನ ಪಾಲಿಸಿಯ ಪರಿಚಯವಾಗುತ್ತದೆ. ಪ್ಲಾಸ್ಟಿಕ್, ರಬ್ಬರ್ ಸಾಮಾನಿಗೆ 50 ಪ್ರತಿಶತ ಕಡಿತ, ಫೈಬರ್‌ಗ್ಲಾಸಿಗೆ 30, ಗಾಜಿಗೆ ಇಲ್ಲ. ನೀರು ಹೊಕ್ಕು ಕೆಟ್ಟ ಎಂಜಿನ್ನಿಗೆ ಎಂಜಿನ್ ಪ್ರೊಟೆಕ್ಟ್ ಅನ್ನುವ ಬೇರೆ ಕವರ್ ಬೇಕು. ರಿಪೇರಿಯ ಖರ್ಚು ಪಾಲಿಸಿಯಲ್ಲಿ ಘೋಷಿಸಿದ ಮೌಲ್ಯದ 75 ಪ್ರತಿಶತ ದಾಟಿದರೆ ಟೋಟಲ್ ಲಾಸ್. ಇಷ್ಟನ್ನೂ ಪಾಲಿಸಿಯ ಕಾಗದದಲ್ಲಿ ಮುದ್ರಿಸಿರುತ್ತಾರೆ, ಆ ಕಾಗದ ಡ್ಯಾಶ್‌ಬೋರ್ಡಿನ ಪೆಟ್ಟಿಗೆಯಲ್ಲೇ ಇರುತ್ತದೆ, ಈಗ ಅದೂ ನೆನೆದಿರುತ್ತದೆ.

*

ಡೊಂಬಿವಲಿಯಲ್ಲಿ ಮೊನ್ನೆ ಮೊನ್ನೆ ಫ್ಲ್ಯಾಟ್ ಕೊಂಡವರಿಗೆ ಈ ಊರಿಗೂ ಮೋಟಾರಿಗೂ ಇದ್ದ ನಂಟು ಗೊತ್ತಿರಲಿಕ್ಕಿಲ್ಲ. ಅದರ ಬೇರು ನಮ್ಮ ಕಡೆಯದು. 1930ರ ದಶಕದಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರು ಭಾರತದಲ್ಲೇ ಕಾರು ತಯಾರಿಸಬೇಕೆಂದು ಯುರೋಪು, ಅಮೆರಿಕಗಳ ಕಾರ್ಖಾನೆಗಳನ್ನು ನೋಡಿ ಬಂದು ಯೋಜನೆ ಬರೆದರು. ಅದರ ಬೆನ್ನು ಹತ್ತಿದ ಉದ್ಯಮಿ ವಾಲ್‌ಚಂದ್ ಹೀರಾಚಂದ್ 1940ರಲ್ಲಿ ಮೈಸೂರು ಸಂಸ್ಥಾನದ ಜತೆ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆ ಹಾಕಿದರು, 1944ರಲ್ಲಿ ಮುಂಬಯಿಯಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಕಟ್ಟಿದರು. ಕುರ್ಲಾದಲ್ಲಿ ಫಿಯೆಟ್ ಕಾರು, ಆಮೇಲೆ ಪದ್ಮಿನಿ ತಯಾರಾದವು. ಡೊಂಬಿವಲಿಯ ಬದಿಯ ಪ್ರೀಮಿಯರ್ ಕಾರ್ಖಾನೆಯಲ್ಲಿ 1990ರ ದಶಕದಲ್ಲಿ ಫ್ರೆಂಚ್ ಕಂಪನಿಯ ಪ್ಯೂಜೋ 309 ತಯಾರಾಯಿತು.

ಪ್ಯೂಜೋ ಒಳ್ಳೆಯ ಕಾರು, ಮೆತ್ತಗೆ ಓಡುತ್ತಿತ್ತು. ಮುಷ್ಕರ, ಜಗಳ, ಫ್ರೆಂಚರು ಕೆಲವೇ ವರ್ಷದಲ್ಲಿ ಗಂಟುಮೂಟೆ ಕಟ್ಟಿದರು. ಕಾರು ಕೊಂಡವರು ಒಂದು ಹೆಡ್‌ಲೈಟಿಗೆ ಊರೆಲ್ಲ ಹುಡುಕಿದರು. ಪದ್ಮಿನಿ ಭಾರದ ಸ್ಟೇರಿಂಗಿನ, ಬಿಸಿಲಿಗೆ ಕುದಿಯುವ ಗಾಡಿ. ಆದರೂ ಅದರ ಕಾರ್ಬ್ಯುರೇಟರ್ ಕಿಟ್ಟು ಗಲ್ಲಿ ಗಲ್ಲಿಯಲ್ಲಿ ಸಿಗುತ್ತಿತ್ತು. ತಯಾರಿಕೆ ನಿಂತ ಮೇಲೂ ಎರಡು ದಶಕ ಮುಂಬಯಿಯ ಕಾಲಿ ಪೀಲಿ ಟ್ಯಾಕ್ಸಿಯಾಗಿ ದುಡಿದು, 2023ರ ಅಕ್ಟೋಬರ್ 30ಕ್ಕೆ ವಯಸ್ಸಿನ ಮಿತಿ ತಲುಪಿ ಇಳಿಯಿತು. ಕಾರಿನ ಆಯುಷ್ಯ ಬರೆಯುವವರು ಎಂಜಿನಿಯರುಗಳು ಅಂತ ಎಲ್ಲರೂ ತಿಳಿದಿದ್ದಾರೆ. ಬಿಡಿಭಾಗದ ಅಂಗಡಿಯವನನ್ನು ಒಂದು ಮಾತು ಕೇಳಿ ನೋಡಿ.

*

ಬಿಡಿಭಾಗದ ಈ ಮಾತು ನಮಗೂ ಚುಚ್ಚುತ್ತದೆ. 2014ರ ಆಗಸ್ಟಿನಲ್ಲಿ ಭಾರತೀಯ ಸ್ಪರ್ಧಾ ಆಯೋಗ 14 ಕಾರು ಕಂಪನಿಗಳಿಗೆ ಒಟ್ಟು ₹2,500 ಕೋಟಿಗೂ ಮಿಕ್ಕಿ ದಂಡ ಹಾಕಿತು. ಅಸಲಿ ಸಾಮಾನು, ರಿಪೇರಿಯ ಮಾಹಿತಿ ಹೊರಗಿನ ಗ್ಯಾರೇಜಿನವರಿಗೆ ಸಿಗದಂತೆ ತಡೆದಿದ್ದಾರೆ ಅನ್ನುವುದು ಆರೋಪ. ರಸ್ತೆಬದಿಯ ಗ್ಯಾರೇಜಿನವನನ್ನು ನಾವು 'ಲೋಕಲ್' ಅಂತ ಹಂಗಿಸುತ್ತೇವೆ. ಅವನ ಅಂಗಡಿಯಲ್ಲಿ ಗ್ರಾಹಕ ಗಾಡಿಯ ಪಕ್ಕ ಸ್ಟೂಲ್ ಹಾಕಿ ಕೂತು ಪ್ರತಿ ಬೋಲ್ಟು ಬಿಚ್ಚುವುದನ್ನು ನೋಡುತ್ತಾನೆ, ಚಹಾ ಕುಡಿಯುತ್ತಾನೆ. ನಮ್ಮಲ್ಲಿ ಅವನಿಗೆ ಗಾಜಿನ ಆಚೆ ಸೋಫಾ. ಒಳಗೆ ಬರಬೇಡಿ, ಸೇಫ್ಟಿ. ಸೇಫ್ಟಿಯ ಮಾತು ನಿಜವೇ. ಸೋಫಾ ಮೆತ್ತಗಾದಷ್ಟೂ ಅನುಮಾನ ಗಟ್ಟಿಯಾಗುತ್ತದೆ ಅನ್ನುವುದೂ ನಿಜ.

*

ತಿಂಗಳ ಕೊನೆಯ ವಾರ ಎಲ್ಲ ಗಾಡಿಗಳ ಎಸಿಯೂ ಒಟ್ಟಿಗೆ ಕೊಳಕಾಗುತ್ತದೆ. ಥ್ರಾಟಲ್ ಬಾಡಿ ಕ್ಲೀನಿಂಗ್, ಆಂಟಿ ರಸ್ಟ್, ಎಂಜಿನ್ ಕೋಟಿಂಗ್, ಎಲ್ಲಕ್ಕೂ ಅದೇ ವಾರ ಮುಹೂರ್ತ. ಟಾರ್ಗೆಟ್ ಅನ್ನುವುದು ಗಾಡಿಗೆ ಗೊತ್ತಿಲ್ಲ.

ಎಲ್ಲವೂ ಸುಳ್ಳಲ್ಲ, ತೊಡಕು ಅಲ್ಲಿದೆ. ಖಾಡಿಯ ಉಪ್ಪು ಗಾಳಿಗೆ ಅಡಿಭಾಗದ ಆಂಟಿ ರಸ್ಟ್ ಇಲ್ಲಿ ನಿಜವಾಗಿ ಕೆಲಸಕ್ಕೆ ಬರುತ್ತದೆ. ಬೇಡದ್ದನ್ನು ಹತ್ತು ಜನರಿಗೆ ಮಾರಿದವನ ಬಾಯಿಂದ ಬೇಕಾದದ್ದರ ಹೆಸರು ಕೇಳಿದರೂ ಹನ್ನೊಂದನೆಯವನು 'ಬೇಡ' ಅನ್ನುತ್ತಾನೆ.

*

ಸಿಎನ್‌ಜಿ ಸಿಲಿಂಡರನ್ನು ಮೂರು ವರ್ಷಕ್ಕೊಮ್ಮೆ ಹೈಡ್ರೋ ಟೆಸ್ಟ್ ಮಾಡಿಸಬೇಕು. 200 ಬಾರ್ ಒತ್ತಡವನ್ನು ಡಿಕ್ಕಿಯಲ್ಲಿಟ್ಟುಕೊಂಡು ಮಕ್ಕಳನ್ನು ಶಾಲೆಗೆ ಬಿಡುವ ಅಪ್ಪಂದಿರು, 'ಮುಂದಿನ ಸಲ ನೋಡೋಣ' ಅನ್ನುತ್ತಾರೆ. ಸೀಟ್ ಕವರ್ ಬದಲಾಯಿಸುವುದನ್ನು ಮಾತ್ರ ಯಾರೂ ಮುಂದೂಡಿದ್ದನ್ನು ನಾನು ಕಂಡಿಲ್ಲ.

*

ಗಾಡಿ ಕೊಟ್ಟ ಮೂರನೆಯ ದಿನ ಕಂಪನಿಯಿಂದ ಗ್ರಾಹಕನಿಗೆ ಫೋನು: ಹತ್ತಕ್ಕೆ ಎಷ್ಟು ಅಂಕ? 2003ರಲ್ಲಿ ಫ್ರೆಡ್ ರೈಕೆಲ್ಡ್ ಎಂಬವರು ಹಾರ್ವರ್ಡ್ ಬಿಸಿನೆಸ್ ರಿವ್ಯೂನಲ್ಲಿ ಬರೆದ ಲೆಕ್ಕ ಇದರ ಮೂಲ. ಒಂಬತ್ತು, ಹತ್ತು ಕೊಟ್ಟವರು ಮೆಚ್ಚಿದವರು. ಏಳು, ಎಂಟು ಲೆಕ್ಕಕ್ಕಿಲ್ಲ. ಆರು ಮತ್ತು ಅದರ ಕೆಳಗಿನವರು ನಿಂದಕರು. ನಮ್ಮ ಜನ ಎಸ್ಸೆಸ್ಸೆಲ್ಸಿಯಲ್ಲಿ ಅರವತ್ತಕ್ಕೆ ಫಸ್ಟ್ ಕ್ಲಾಸ್ ಸಿಹಿ ಹಂಚಿದವರು. ನೆರೂಲಿನ ನಿವೃತ್ತ ಮೇಷ್ಟ್ರೊಬ್ಬರು ಬಹಳ ಸಂತೋಷದಿಂದ ಎಂಟು ಕೊಟ್ಟು, 'ನಾನು ಜೀವಮಾನದಲ್ಲೇ ಯಾರಿಗೂ ಹತ್ತಕ್ಕೆ ಎಂಟು ಕೊಟ್ಟದ್ದಿಲ್ಲ ನೋಡಿ' ಅಂದರು. ಅವರ ಪ್ರೀತಿ ನಮ್ಮ ಇನ್ಸೆಂಟಿವ್ ನುಂಗಿತು.

ಅಂಕಕ್ಕಾಗಿ ಗೋಗರೆಯುವ ಅಡ್ವೈಸರ್ ಕೆಲಸಕ್ಕಿಂತ ಗೋಗರೆಯುವುದನ್ನು ಬೇಗ ಕಲಿಯುತ್ತಾನೆ. ಅಳತೆಗೋಲು ತಪ್ಪಿದ್ದಲ್ಲಿ ಜನ ಅಳತೆಗೋಲಿಗೇ ದುಡಿಯುತ್ತಾರೆ.

*

ಡೊಂಬಿವಲಿ ಕರ್ನಾಟಕ ಸಂಘದ ಕಾರ್ಯಕ್ರಮಕ್ಕೆ ಹೋದರೆ ಪಕ್ಕದ ಕುರ್ಚಿಯವರು ಭಾಷಣ ಬಿಟ್ಟು ನನ್ನ ಕಿವಿಯಲ್ಲಿ ತಮ್ಮ ಗಾಡಿಯ ಮೈಲೇಜಿನ ಮಾತೆತ್ತುತ್ತಾರೆ. ಕನ್ನಡದಲ್ಲಿ ಗಾಡಿಯ ದೂರು ಕೇಳುವ ಸುಖವೇ ಬೇರೆ, ಅದರ ಖರ್ಚೂ ಬೇರೆ. ಒಮ್ಮೆ ಹೋಟೆಲಿನ ಶೆಟ್ಟರೊಬ್ಬರು ಬಿಲ್ಲು ಹಿಡಿದು ನೇರ ಕ್ಯಾಬಿನ್ನಿಗೆ ಬಂದರು.

'ಎಂಥ ಮಾರಾಯ್ರೇ, ನಮ್ಮವರೇ ಇದ್ದೂ ಇಷ್ಟು ಬಿಲ್ಲಾ?'

'ಶೆಟ್ರೇ, ನಿಮ್ಮ ಹೋಟ್ಲಲ್ಲಿ ದೋಸೆ ತಿಂದ್ರೆ ನಾನು ಬಿಲ್ ಕೊಡುದಿಲ್ವಾ?'

'ಕೊಡ್ತೀರಿ. ಚಟ್ನಿ ಎಷ್ಟು ಸಲ ಕೇಳ್ತೀರಿ ಅಂತ ನಾನು ಬರೀತೇನಾ?'

ಆ ಮಾತಿಗೆ ನನ್ನ ಹತ್ತಿರ ಉತ್ತರವಿರಲಿಲ್ಲ. ವೈಪರಿಗೆ ಹಾಕುವ ನೀರು, ಬಾಗಿಲ ಹಿಂಜಿಗೆ ಗ್ರೀಸು, ಟಯರಿಗೆ ಗಾಳಿ, ಸಡಿಲವಾದ ಕ್ಲಿಪ್ಪು ನಮ್ಮಲ್ಲಿ ಬಿಲ್ಲಿಗೆ ಏರುವುದು ಅಂದಿಗೆ ನಿಂತಿತು. ಇಷ್ಟು ವರ್ಷದಲ್ಲಿ ಯಾವ ಟ್ರೇನಿಂಗಿನಲ್ಲೂ ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ.

*

ಶೆಟ್ಟರ ತರಕಾರಿ ಟೆಂಪೊ ಒಂದು ದಿನ ನಿಂತರೆ ಅವರು ಬಾಡಿಗೆ ಗಾಡಿ ಹಿಡಿಯಬೇಕು. ಅವರಿಗೆ ಬೇಕಾದದ್ದು ಸಮಯ. ಅದೇ ಶೆಟ್ಟರು ತಮ್ಮ ಕಾರು ತಂದಾಗ ಎರಡು ದಿನ ತಡವಾದರೂ ಚಿಂತೆಯಿಲ್ಲ, ಬಂಪರಿನ ಗೀರು ಮಾಯವಾಗಬೇಕು. ಒಬ್ಬನೇ ಮನುಷ್ಯ ಎರಡು ಗ್ರಾಹಕ. ಕಂಪ್ಯೂಟರಿನಲ್ಲಿ ಎರಡಕ್ಕೂ ಒಂದೇ ಮೊಬೈಲ್ ನಂಬರ್.

*

ಸೊಸೈಟಿಯ ಪಾರ್ಕಿಂಗಿನಲ್ಲಿ ನಿಂತ ಗಾಡಿಯ ಮೊದಲ ಶತ್ರು ಇಲಿ. 2020ರ ಲಾಕ್‌ಡೌನ್ ಮುಗಿದು ಬಾನೆಟ್ಟು ಎತ್ತಿದಾಗ ವೈರಿಂಗ್ ಕಡಿದು, ಇನ್ಸುಲೇಷನ್ ಹರಿದು, ಏರ್ ಫಿಲ್ಟರಿನ ಪೆಟ್ಟಿಗೆಯಲ್ಲಿ ಬಾಣಂತಿಕೋಣೆಯೇ ತಯಾರಾಗಿತ್ತು. ತಂಬಾಕಿನ ಎಲೆ, ಡಾಂಬರು ಗುಳಿಗೆ, ಸ್ಪ್ರೇ, ಎಲ್ಲವನ್ನೂ ಜನ ಮಾಡಿ ನೋಡುತ್ತಾರೆ. ಗಾಡಿಯನ್ನು ಆಗಾಗ ಓಡಿಸುವುದಕ್ಕಿಂತ ಒಳ್ಳೆಯ ಮದ್ದು ನನಗೆ ಕಂಡಿಲ್ಲ. ಹೊಸ ಡೀಸೆಲ್ ಗಾಡಿಗೂ ಅದೇ ಮಾತು. ಮನೆಯಿಂದ ಸ್ಟೇಷನ್, ಸ್ಟೇಷನ್ನಿಂದ ಮನೆ, ಇಷ್ಟೇ ಓಡುವ ಬಿಎಸ್-6 ಡೀಸೆಲ್ಲಿನ ಹೊಗೆಯ ಫಿಲ್ಟರಿನಲ್ಲಿ ಮಸಿ ಕಟ್ಟಿಕೊಳ್ಳುತ್ತದೆ. ಅದು ಸುಟ್ಟುಹೋಗಲು ಸುಮಾರು 600 ಡಿಗ್ರಿ ಶಾಖ ಬೇಕು, ಡೊಂಬಿವಲಿಯ ಫಡಕೆ ರಸ್ತೆಯಲ್ಲಿ ಅಷ್ಟು ಬಿಸಿಯಾಗುವುದು ಓಡಿಸುವವನ ತಲೆ ಮಾತ್ರ. ವಾರಕ್ಕೊಮ್ಮೆ ನಾಶಿಕ್ ಹೆದ್ದಾರಿಗೆ ಹತ್ತಿಸಿ ಅರ್ಧ ಗಂಟೆ ಒಂದೇ ವೇಗದಲ್ಲಿ ಓಡಿಸಿ ಬನ್ನಿ ಅಂದರೆ, 'ಅದರ ಡೀಸೆಲ್ ಖರ್ಚು ಯಾರು ಕೊಡ್ತಾರೆ?' ಅನ್ನುತ್ತಾರೆ.

*

ಖಂಡೇನವಮಿಯ ದಿನ ಪಾನಾ, ಹ್ಯಾಮರ್, ಟಾರ್ಕ್ ರೆಂಚ್, ಸ್ಕ್ಯಾನರ್ ಎಲ್ಲಕ್ಕೂ ಕುಂಕುಮ. ಸ್ಕ್ಯಾನರಿನ ಸ್ಕ್ರೀನಿಗೆ ಕುಂಕುಮ ಹಚ್ಚಬೇಡಿ ಅಂತ ಪ್ರತಿ ವರ್ಷ ಹೇಳುತ್ತೇನೆ.

*

ಕರೆಂಟಿನ ಗಾಡಿ ಬಂದಿದೆ. ಎಂಜಿನ್ ಆಯಿಲ್ ಇಲ್ಲ, ಆಯಿಲ್ ಫಿಲ್ಟರ್ ಇಲ್ಲ, ಕ್ಲಚ್ ಇಲ್ಲ. ವೇಗ ಇಳಿಸುವ ಕೆಲಸದ ಬಹುಪಾಲು ಮೋಟರೇ ಮಾಡುವುದರಿಂದ ಬ್ರೇಕ್ ಪ್ಯಾಡೂ ಹೆಚ್ಚು ಬಾಳುತ್ತದೆ. ನಮ್ಮ ಅನ್ನದ ಬಟ್ಟಲಿನಿಂದ ಒಂದೊಂದೇ ಅಗುಳು ಎತ್ತಿಡುತ್ತಿದ್ದಾರೆ. ಕಿತ್ತಳೆ ಬಣ್ಣದ ಹೈವೋಲ್ಟೇಜ್ ಕೇಬಲ್ಲನ್ನು ಮುಟ್ಟುವ ಮೊದಲು ಹುಡುಗರು ರಬ್ಬರ್ ಗ್ಲೌಸ್ ಹಾಕಿ, ಲೈನು ಕಡಿದು, ಕಾದು, ಮೀಟರ್ ಇಟ್ಟು ನೋಡಬೇಕು, ಒಬ್ಬರೇ ಇರಬಾರದು. ಇಪ್ಪತ್ತು ವರ್ಷ ಅವಸರ ಮಾಡಿ ಅಂತ ಬೈದವನು ಈಗ ಅವಸರ ಮಾಡಬೇಡಿ ಅಂತ ಬೈಯುತ್ತಿದ್ದೇನೆ. ಹುಡುಗರಿಗೆ ಇದು ಇನ್ನೂ ನಂಬಿಕೆಗೆ ಬಂದಿಲ್ಲ.

*

ಗಾಡಿಯ ಒಳಗೆ ಏನೇನಿದೆ ಅಂತ ಬರೆದುಕೊಳ್ಳುವುದು ನಿಯಮ: ಸ್ಟೆಪ್ನಿ, ಜಾಕು, ಟೂಲ್ ಕಿಟ್, ದೇವರು. ಡ್ಯಾಶ್‌ಬೋರ್ಡಿನ ಗಣಪತಿಯನ್ನು ವ್ಯಾಕ್ಯೂಮ್ ಮಾಡುವಾಗ ಸರಿಸಿ, ಮುಖ ರಸ್ತೆಯ ಕಡೆಗೆ ತಿರುಗಿಸಿಟ್ಟದ್ದಕ್ಕೆ ಬಂದಷ್ಟು ದೂರು, ಬ್ರೇಕ್ ಸರಿಯಾಗದೆ ಇದ್ದದ್ದಕ್ಕೂ ಬಂದಿಲ್ಲ.

*

ಗಣಪತಿ ಹಬ್ಬಕ್ಕೆ ಮುಂಚಿನ ವಾರ ಕೊಂಕಣದವರು, ಏಪ್ರಿಲ್ ಕೊನೆಗೆ ನಮ್ಮ ಕರಾವಳಿಯವರು. ಊರಿಗೆ ಹೋಗುವ ಗಾಡಿ ತಡವಾಗುವಂತಿಲ್ಲ. ಆಫೀಸಿಗೆ ತಡವಾದರೆ ಕ್ಷಮೆಯಿದೆ, ಭೂತಕೋಲಕ್ಕೆ ತಡವಾದರೆ ಇಲ್ಲ. ಉಡುಪಿಗೆ ಹತ್ತಿರ ಹತ್ತಿರ ಒಂಬೈನೂರು ಕಿಲೋಮೀಟರ್. ಪನ್ವೇಲಿನಿಂದ ಹೆದ್ದಾರಿ 66 ಹಿಡಿದು ಕಶೇಡಿಯ ದಾರಿಯಾಗಿ ಹೋಗುವವರದ್ದು ಒಂದು ಪಂಥ, ಪುಣೆ, ಕೊಲ್ಹಾಪುರ, ಹುಬ್ಬಳ್ಳಿ ಸುತ್ತಿ ಅರಬೈಲು ಘಟ್ಟ ಇಳಿದು ಅಂಕೋಲೆ ಸೇರುವವರದ್ದು ಇನ್ನೊಂದು. ಎರಡೂ ಪಂಥದವರು ಲೌಂಜಿನಲ್ಲಿ ಎದುರು ಬದುರು ಕೂತರೆ ನಾನು ನಡುವೆ ಬಾಯಿ ಹಾಕುವುದಿಲ್ಲ. ಬ್ರೇಕ್ ಆಯಿಲ್, ಕೂಲೆಂಟ್, ಬೆಲ್ಟು, ಸ್ಟೆಪ್ನಿಯ ಗಾಳಿ, ಇಷ್ಟು ನೋಡಿ ಬಿಡುತ್ತೇನೆ. ಸ್ಟೆಪ್ನಿಯ ಗಾಳಿ ನೋಡಿ ಅಂತ ಇಂದಿನ ತನಕ ಒಬ್ಬ ಗ್ರಾಹಕನೂ ಕೇಳಿಲ್ಲ. ಅದು ಖಾಲಿಯಿರುವುದು ತಿಳಿಯುವುದು ರಾತ್ರಿ ಎರಡು ಗಂಟೆಗೆ, ಚಿಪ್ಳೂಣಿನ ಆಚೆ.

ಜೂನ್ ಎರಡನೇ ವಾರ ಎಲ್ಲರೂ ವಾಪಸು. ಅಲೈನ್ಮೆಂಟ್ ಹೋಗಿದೆ, ಎಸಿಯಲ್ಲಿ ಏನೋ ವಾಸನೆ, ಡಿಕ್ಕಿಯ ಕಾರ್ಪೆಟ್ಟಿಗೆ ಗಾಣದ ತೆಂಗಿನೆಣ್ಣೆ ಸೋರಿದೆ, ಅದರ ಮೇಲೆ ಹಲಸಿನ ಮೇಣ. ಹಲಸಿನ ಮೇಣಕ್ಕೆ ಕಂಪನಿಯ ಲೇಬರ್ ಪಟ್ಟಿಯಲ್ಲಿ ಕೋಡ್ ಇಲ್ಲ. ಇಂಟೀರಿಯರ್ ಕ್ಲೀನಿಂಗ್ ಅಂತ ಬರೆದು, ವಾಶಿಂಗಿನ ಹುಡುಗನಿಗೆ ಅದೇ ತೆಂಗಿನೆಣ್ಣೆಯನ್ನು ಹಚ್ಚಿ ತಿಕ್ಕಲು ಹೇಳುತ್ತೇವೆ.